ಮಾವನ ಹಲ್ಲುಪುಡಿ

ನಿಕೋಟಿನ್ ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆಂದು ತೋರಿಸುವ ಮದ್ದೊಂದಕ್ಕೆ ನಾನು ಒಂಬತ್ತು ವರ್ಷ ಸವೆಸಿದೆ. ಒಂಚೂರು ವಿಕಿರಣ ಬೆರೆಸಿದ ಆ ಮದ್ದನ್ನು ರಕ್ತನಾಳಕ್ಕೆ ಚುಚ್ಚಿದರೆ, ಅದು ನಿಕೋಟಿನ್ನಿನ ಜಾಗದಲ್ಲೇ ಕೂತು ಸ್ಕ್ಯಾನಿನಲ್ಲಿ ಬೆಳಗಬೇಕು. ಆ ಜಾಗ ಖಾಲಿ ಇದ್ದರೆ ಮಾತ್ರ. ಆಗಷ್ಟೇ ತಂಬಾಕು ಮುಟ್ಟಿದವರಲ್ಲಿ ಅದು ಖಾಲಿ ಇರುವುದಿಲ್ಲ. ಇಲಿಗಳಲ್ಲಿ ಚೆನ್ನಾಗಿ ಬೆಳಗಿತ್ತು. ಬೀಡಿ ಬಿಟ್ಟ ಕಂಪ್ಲಿಯ ಇಬ್ಬರಲ್ಲಿ ಮಸುಕು. ಮೂರನೆಯವರಲ್ಲೂ ಹೀಗೇ ಆದರೆ ಕೆಲಸ ನಿಲ್ಲಿಸಿ ಎಂದರು ನಮ್ಮ ಪ್ರಯೋಗಾಲಯದ ಮುಖ್ಯಸ್ಥರು.

ಮೂರನೆಯವರು ಸಂಡೂರಿನ ನನ್ನ ಸೋದರಮಾವ. ಗಣಿಯಲ್ಲಿ ದುಡಿದು, ದಿನಕ್ಕೆರಡು ಕಟ್ಟು ಬೀಡಿ ಸೇದಿದವರು. ನನಗಾಗಿ ಬಿಟ್ಟರು. ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ, ಅತ್ತೆಯ ಮೇಲೆ ಸುಮ್ಮಸುಮ್ಮನೆ ರೇಗಿದರು. ಆದರೂ ಒಂದು ತಿಂಗಳು ಬೀಡಿ ಮುಟ್ಟಲಿಲ್ಲ. ಉಸಿರು ಊದಿಸಿ ಪರೀಕ್ಷಿಸಿದೆವು, ಹೊಗೆಯ ಸುಳಿವಿರಲಿಲ್ಲ. ಪ್ರಶ್ನೆಗಳನ್ನು ಬರೆದವಳೂ ನಾನೇ: ಬೀಡಿ, ಸಿಗರೇಟು, ಗುಟ್ಕಾ, ಎಲೆಅಡಿಕೆ. ಎಲ್ಲಕ್ಕೂ ಇಲ್ಲವೆಂದರು.

ಚಿತ್ರ ಕಪ್ಪಗೆ ಬಂತು. ವಾರದೊಳಗೆ ಕೆಲಸ ನಿಂತಿತು.

ಆರು ತಿಂಗಳ ಮೇಲೆ ಸಂಡೂರಿಗೆ ಹೋದೆ. ಬೆಳಿಗ್ಗೆ ಅಡುಗೆಮನೆಯಿಂದ ಘಾಟು ಬಂದು ಸೀನಿದೆ. ಅತ್ತೆ ತವೆಯ ಮೇಲೆ ತಂಬಾಕಿನ ಎಲೆ ಹುರಿಯುತ್ತಿದ್ದರು. ಕಟ್ಟೆಯ ಮೇಲೆ ಮಾವ, ಹಾಗೆ ಹುರಿದು ಪುಡಿಮಾಡಿದ ಎಲೆಯ ಡಬ್ಬಿ ಪಕ್ಕಕ್ಕಿಟ್ಟುಕೊಂಡು, ಅದರಿಂದ ಹಲ್ಲು ತಿಕ್ಕುತ್ತಾ ಕೂತಿದ್ದರು.

"ಮಾವ, ಸ್ಕ್ಯಾನ್ ಮಾಡಿದ್ ದಿನಾನೂ ಇದನ್ನ ಹಚ್ಚಿದ್ರೇನ್ರಿ?"

"ಹಲ್ಲು ತಿಕ್ಕದ ದವಾಖಾನಿಗೆ ಹೋಗಾಕ ಆಕ್ಕತೇನವ್ವ?"

"ತಂಬಾಕು ಅಲ್ಲೇನ್ರಿ ಇದು?"

"ತಂಬಾಕು ಯಾಕಾಕ್ಕತಿ, ಹಲ್ಲುಪುಡಿ."

ಹೊಸಪೇಟೆಯ ನಮ್ಮ ಮನೆಯ ಬಚ್ಚಲ ಗೂಡಿನಲ್ಲೂ ಈ ಡಬ್ಬಿ ಇತ್ತು. ನನ್ನ ಅಜ್ಜಿ ಸಾಯುವವರೆಗೂ ಅದರಿಂದಲೇ ಹಲ್ಲು ತಿಕ್ಕಿದಳು, ಅವಳನ್ನೂ ಯಾರೂ ತಂಬಾಕಿನವಳೆನ್ನಲಿಲ್ಲ. ಇದೇ ಮಣ್ಣಿನಲ್ಲಿ ಹುಟ್ಟಿದ ನನಗೆ ಹಲ್ಲುಪುಡಿಯನ್ನೂ ಕೇಳಬೇಕೆಂದು ಹೊಳೆಯಲಿಲ್ಲ. ಓದಿ ಏನು ಬಂತು ಎಂದು ನನ್ನನ್ನೇ ಬೈದುಕೊಂಡೆ.

ಅಂಗಳಕ್ಕೆ ಹೋಗಿ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಕಂಪ್ಲಿಯ ಇಬ್ಬರನ್ನೂ ಈ ಪುಡಿಯ ಬಗ್ಗೆ ನಾವು ಕೇಳಿರಲಿಲ್ಲ ಎಂದೆ. ಅವರು ಕೇಳಿಸಿಕೊಂಡರು, ಆಮೇಲೆ ಮೆಲ್ಲಗೆ, ನಮ್ಮ ಸ್ಕ್ಯಾನಿನ ಸಮಯ ಬೇರೆಯವರಿಗೆ ಹೋಯಿತು, ತಂಡದ ಹುಡುಗರೂ ಚದುರಿದರು, ಇನ್ನು ಬಿಟ್ಟುಬಿಡಿ ಎಂದರು. ಆಗಲಿ ಎಂದು ಫೋನ್ ಇಟ್ಟೆ.

ಒಳಗೆ ಬಂದಾಗ ಮಾವ ಮುಖ ಒರೆಸಿಕೊಳ್ಳುತ್ತಿದ್ದರು.

"ನಿನ್ನ ಮಾತಿಗೆ ಇವತ್ತಿಗೂ ಒಂದ್ ಬೀಡಿ ಮುಟ್ಟಿಲ್ಲವ್ವ. ನನ್ನಿಂದ ಏನರ ಉಪಯೋಗ ಆತೇನು?"

"ಭಾಳ ಆತ್ರಿ ಮಾವ," ಎಂದೆ.

ಅವರ ಮುಖ ಅರಳಿತು. ಡಬ್ಬಿಯಿಂದ ಇನ್ನೊಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರು.