ಒತ್ತು ನೋಡಾಣ ಅನ್ನುತ್ತಿದ್ದ ಮೇಡಂ

ಬಂಗಾರಪೇಟೆಯಲ್ಲಿ ನನ್ನ ಮೊಮ್ಮಗಳಿಗೆ ಜಾವಾಸ್ಕ್ರಿಪ್ಟ್ ಅನ್ನುವ ಕಂಪ್ಯೂಟರ್ ಭಾಷೆ ಕಲಿಸಿದ ಮೇಡಂ ಒಬ್ಬರಿದ್ದರು. ಕನ್ನಡಕವನ್ನು ತಲೆಗೇರಿಸಿ, ಕೈಕಟ್ಟಿಕೊಂಡು ಮಕ್ಕಳ ಹಿಂದೆ ನಿಲ್ಲುವರು. ಯಾರು ಏನು ಕೇಳಿದರೂ "ಒತ್ತು, ನೋಡಾಣ" ಅನ್ನುವರು.

ಪರೀಕ್ಷೆಗೆ ಮೊಮ್ಮಗಳು ಹಾಲಿನ ಡೈರಿಗೆ ಸೇರುವವರ ಫಾರಂ ಮಾಡಿದ್ದಳು. ಹೊರಗಿನವರು ಬಾಯಲ್ಲಿ ಹೇಳಿದ್ದನ್ನಷ್ಟೇ ತುಂಬಬೇಕು, ಕಂಪ್ಯೂಟರ್ ಒಪ್ಪಿದರೆ ಪಾಸು. ಮೇಡಂ ನನ್ನನ್ನೇ ಕೂರಿಸಿದರು! ಹೆಸರು, ಊರು, ಹಸು ಎಲ್ಲ ಹೇಳಿದೆ. ಗಂಡನ ಹೆಸರು ಕೇಳಿದಾಗ ಸೆರಗು ಬಾಯಿಗಿಟ್ಟೆ. ಯಜಮಾನರ ಹೆಸರನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ.

"ಅಜ್ಜೀ, ತಾತನ ಎಸ್ರು ಏಳೇ! ನಾನು ಫೇಲಾಗ್ತೀನಿ!"

"ಏಳಲ್ಲ ಓಗೇ."

ಮೊಮ್ಮಗಳು ಆ ಜಾಗ ಖಾಲಿ ಬಿಟ್ಟು ಒತ್ತಿದಳು. ಕೆಂಪು ಅಕ್ಷರ ಬಂತು, ಫಾರಂ ಒಪ್ಪಲಿಲ್ಲ. ಮೇಡಂ ಜೋರಾಗಿ ನಕ್ಕರು.

"ಡೈರಿಗೆ ಬರೋ ಅಜ್ಜೀರೆಲ್ಲ ಇಂಗೇ ಕಣಮ್ಮ. ಆಲು ಆಕೋರು ಇವ್ರು, ಗಂಡನ ಎಸ್ರು ಕಡ್ಡಾಯ ಯಾಕೆ? ತೆಗ್ದು ಒತ್ತು, ನೋಡಾಣ."

ಮೊಮ್ಮಗಳು ಒಂದು ಸಾಲು ಅಳಿಸಿ ಒತ್ತಿದಳು. ಹಸಿರು ಅಕ್ಷರ ಬಂತು! ಪಾಸು! ಮೇಡಂ ನನ್ನ ಎರಡೂ ಕೈ ಹಿಡಿದು ಕುಣಿಸಿಬಿಟ್ಟರು.

ಕಾಮಸಮುದ್ರದ ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿದೆ. ಮನೆ ಬಾಗಿಲಲ್ಲೇ ಯಜಮಾನರಿಗೆ ಕೂಗಿದೆ:

"ಕೇಳುದ್ರಾ? ನಿಮ್ಮ ಎಸ್ರಿಲ್ದೇನೇ ಮೊಮ್ಮಗಳು ಪಾಸಾದ್ಲು!"