ಬಸದಿಯ ಜಗಲಿಯಲ್ಲಿ ಕೂತಿದ್ದ ಆಕಾರ

ಸತ್ತವರು ಕಾಣಿಸಿಕೊಳ್ಳುತ್ತಾರೆ ಎಂದು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ಈಗ ಕೂತು ಕೇಳುತ್ತೇನೆ. ನಂಬಿಕೆ ಬಂದಿದೆ ಎಂದಲ್ಲ, ಎದ್ದು ಹೋಗುವ ಶಕ್ತಿ ಉಳಿದಿಲ್ಲ.

ಹಳೆಯ ಕಟ್ಟಡಗಳನ್ನು ಅಳೆದು ಕಂಪ್ಯೂಟರಿನಲ್ಲಿ ಉಳಿಸಿಡುವ ಮಣಿಪಾಲದ ಒಂದು ಸಣ್ಣ ತಂಡದಲ್ಲಿ ನನ್ನ ಕೆಲಸ. ಸ್ಕ್ಯಾನರ್ ತಿರುಗುತ್ತಾ ಸುತ್ತಲೂ ಬೆಳಕು ಬಿಡುತ್ತದೆ. ಬೆಳಕು ತಾಗಿದಲ್ಲೆಲ್ಲ ಒಂದೊಂದು ಚುಕ್ಕೆ. ಲಕ್ಷಾಂತರ ಚುಕ್ಕೆಗಳು ಸೇರಿ ಗೋಡೆ, ಕಂಬ ಆಗುತ್ತವೆ. ಅದು ತಿರುಗುವಾಗ ಎದುರಿಗೆ ಯಾರೂ ಇರಬಾರದು.

ಕಾರ್ಕಳದ ಕಡೆಯ ಒಂದು ಬಸದಿಗೆ ಮೊದಲ ಸಲ ಜಾಗ ನೋಡಲು ಹೋದಾಗ ನನ್ನ ಹೆಂಡತಿ ಜಯಂತಿಯೂ ಬಂದಿದ್ದಳು. ಕಾಪುವಿನ ಕಡಲ ಬದಿಯಲ್ಲಿ ಬೆಳೆದವಳಿಗೆ ಆ ಕಲ್ಲಿನ ತಂಪು ಹಿತವಾಯಿತು. ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ಇಳಿಬಿಟ್ಟು ಕೂತಳು. "ನೀವು ಅಳೀತಾ ಇರಿ ಮಾರಾಯ್ರೆ, ನಾನು ಇಲ್ಲಿಂದ ಏಳುವವಳಲ್ಲ" ಎಂದು ನಕ್ಕಳು. ಅವತ್ತು ನಾವು ಯಂತ್ರ ಒಯ್ದಿರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಜ್ವರ ಬಂದು ತೀರಿಕೊಂಡಳು.

ಕೆಲಸಕ್ಕೆ ಮರಳಿದ ಮೇಲೆ ಸ್ಕ್ಯಾನ್ ಮಾಡಿದ್ದು ಅದೇ ಬಸದಿಯನ್ನು. ನಡು ಮಧ್ಯಾಹ್ನ. ನಾನು, ಸಹೋದ್ಯೋಗಿ ವಿನಯಾ, ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು ಎಲ್ಲರೂ ಹೊರಗೆ ನಿಂತಿದ್ದೆವು.

ಮರುದಿನ ಆಫೀಸಿನಲ್ಲಿ ವಿನಯಾ ಕರೆದಳು. "ಅಣ್ಣ, ಇದು ಯಾರು? ಇಂದ್ರರು ಅಲ್ಲೇ ತೂಕಡಿಸಿದ್ದಾ ಎಂತ?"

ಪರದೆಯ ಮೇಲೆ, ಜಗಲಿಯ ಮೂಲೆಯಲ್ಲಿ ಚುಕ್ಕೆಗಳ ಒಂದು ಆಕಾರ. ಮುಖ ಇರಲಿಲ್ಲ. ಒಂದು ಕಾಲು ಮಡಚಿಕೊಂಡಿತ್ತು, ಇನ್ನೊಂದು ಇಳಿಬಿದ್ದಿತ್ತು.

"ಅವರು ನಮ್ಮ ಹತ್ರ ಹೊರಗೇ ಇದ್ದರಲ್ವಾ" ಎಂದೆ.

"ಹೌದಲ್ವಾ! ಹಾಗಾದ್ರೆ ಕಂಬ ಒಡೆದು ಬಂದದ್ದಾ?" ಎಂದು ನಗುತ್ತಾ ತಿರುಗಿದವಳು ನನ್ನ ಮುಖ ನೋಡಿ ಮೌಸನ್ನು ತನ್ನ ಕಡೆಗೆ ಎಳೆದುಕೊಂಡಳು.

ಕಟ್ಟಡಕ್ಕೆ ಸೇರದ್ದನ್ನೆಲ್ಲ ಅಳಿಸಿಯೇ ಒಪ್ಪಿಸಬೇಕು. "ನಾನು ಅಳಿಸ್ತೇನೆ, ನೀವು ಚಾ ಕುಡಿದು ಬನ್ನಿ" ಎಂದಳು. ಬೇಡ, ನಾನೇ ಮಾಡುತ್ತೇನೆ ಎಂದೆ. ಚಿತೆಗೆ ಬೆಂಕಿ ಇಟ್ಟ ಕೈಗೆ ಇದು ಯಾವ ಲೆಕ್ಕ ಅಂದುಕೊಂಡಿದ್ದೆ. ಆದರೆ ಬೆರಳು ಮೌಸಿನ ಮೇಲೆ ಬಹಳ ಹೊತ್ತು ಹಾಗೆಯೇ ಇತ್ತು.

ಆಕಾರ ಹೋಯಿತು. ಅದರ ಹಿಂದಿನ ಗೋಡೆ ಮಾತ್ರ ಕಾಣಲಿಲ್ಲ. ಕೂತವಳ ಅಳತೆಯಲ್ಲಿ ಅಲ್ಲಿ ಕಪ್ಪು ಖಾಲಿ ಜಾಗ.

"ಯಂತ್ರದ ತಪ್ಪಾಗಿದ್ದರೆ ಹಿಂದೆ ಕಲ್ಲು ಇರ್ಬೇಕಿತ್ತು ಅಣ್ಣ" ಎಂದಳು ವಿನಯಾ, ಮೆಲ್ಲಗೆ. "ಎಂತದೋ ಬೆಳಕಿಗೆ ಅಡ್ಡ ಇದ್ದರೆ ಮಾತ್ರ ಹೀಗಾಗ್ತದೆ."

ಅಂಥ ತೂತುಗಳನ್ನು ಅಕ್ಕಪಕ್ಕದ ಕಲ್ಲು ನೋಡಿ ಕಂಪ್ಯೂಟರೇ ಮುಚ್ಚಬಲ್ಲದು. ಮುಚ್ಚುವುದಾ ಎಂದು ಅವಳು ಕೇಳಿದಳು. ಬೇಡ ಎಂದೆ. ಈ ಭಾಗದ ಅಳತೆ ಸಿಕ್ಕಿಲ್ಲ ಎಂದು ಹೇಳಿ ಹಾಗೆಯೇ ಒಪ್ಪಿಸಿದೆವು. ಯಾಕೆ ಸಿಕ್ಕಿಲ್ಲ ಎಂದು ಇದುವರೆಗೆ ಯಾರೂ ಕೇಳಿಲ್ಲ.