ಕವಳಿ ಕಂಟಿಯ ಜಾಗದಲ್ಲಿ ಪೆಂಗ್ವಿನ್

ಮಕ್ಕಳನ್ನು ನಾಲ್ಕು ಗೋಡೆಯ ಹೊರಗೆ ಕರೆದೊಯ್ದು ಕಲಿಸಬೇಕು, ಅದಕ್ಕೆ ಯಾರಾದರೂ ಅನುದಾನ ಕೊಡಿ ಎಂದು ಎರಡು ವರ್ಷ ಅಲೆದೆ. ಈಗ ನೆನೆದರೆ ಹೇಸಿಗೆಯಾಗುತ್ತದೆ. ಕೊಡಲು ಬಂದವರನ್ನು ನೆನೆದು ಅರ್ಧ, ಕೈಚಾಚಿದ ನನ್ನನ್ನು ನೆನೆದು ಅರ್ಧ.

ಹಳಿಯಾಳದಿಂದ ಜೋಯಿಡಾ ಕಡೆ ಬಸ್ಸಿನಲ್ಲಿ ಒಂದು ತಾಸು ಹೋಗಿ, ಇಳಿದು ಮತ್ತೆರಡು ಕಿಲೋಮೀಟರ್ ನಡೆದರೆ ನನ್ನ ಶಾಲೆ. ಮಕ್ಕಳಲ್ಲಿ ಹೆಚ್ಚಿನವರು ಸಿದ್ದಿಗಳು. ಉಳಿದವರ ಮನೆಮಾತು ಮರಾಠಿ. ಶಾಲೆಯ ಹಿಂದೆ ಅರ್ಧ ಎಕರೆ ಬೀಳು. ಅದರ ತುಂಬ ಮುಳ್ಳಿನ ಕವಳಿ ಕಂಟಿ, ನಡುವೆ ಆಳೆತ್ತರದ ಹುತ್ತ, ಅದರಾಚೆ ಹಳ್ಳ. ಹಳಿಯಾಳ ಪೇಟೆಯ ಅಂಗಡಿಯವರ ಮನೆಯಲ್ಲಿ ಬೆಳೆದ ನಾನು ಹಾವಿಗೆ ಹೆದರಿ ಆ ಕಡೆ ಕಾಲಿಟ್ಟವಳೇ ಅಲ್ಲ.

ಒಂದು ದಿನ ಗೋಡೆಗೆ ಹಕ್ಕಿಗಳ ಪಟ ತೂಗುಹಾಕಿ ಪಾಠ ಮಾಡುತ್ತಿದ್ದೆ. ಪಟದಲ್ಲಿ ಮಂಗಟ್ಟೆ ಹಕ್ಕಿ ಕಡ್ಡಿಯ ಗೂಡಿನಲ್ಲಿ ಆರಾಮಾಗಿ ಕೂತಿತ್ತು. ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಅಕ್ಕೋರ, ಇದು ತಪ್ಪೈತ್ರಿ. ಇದು ಹಿಂಗ ಗೂಡು ಕಟ್ಟೂದಿಲ್ಲ. ಹೆಣ್ಣು ಗಿಡದ ಪೊಟರಿಯೊಳಗ ಹೊಕ್ಕು ಬಾಗಲಾ ಮುಚ್ಕೋತೈತಿ. ಗಂಡು ಹೊರಗಿಂದ ಉಣಸ್ತೈತಿ.”

“ನಿನಗ ಯಾರು ಹೇಳಿದ್ರು?”

“ನಮ್ಮವ್ವ ತೋರಿಸ್ಯಾಳ್ರಿ.”

ಆ ಅವ್ವನನ್ನು ಶಾಲೆಗೆ ಕರೆಸಿದೆ. ಕೂಲಿಗೆ ಹೋಗುವ ಸಿದ್ದಿ ಹೆಂಗಸು, ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಒಂದು ಶನಿವಾರ ಬಂದು ಮಕ್ಕಳನ್ನು ಕಂಟಿಯೊಳಗೆ ಎರಡು ತಾಸು ತಿರುಗಿಸಿದಳು. ಹುತ್ತದ ಸುತ್ತ ಅಣಬೆ ಯಾವಾಗ ಏಳುತ್ತದೆ, ಯಾವುದನ್ನು ಮುಟ್ಟಬಾರದು, ಇರುವೆ ಮೊಟ್ಟೆ ಹೊತ್ತು ಮೇಲೇರಿದರೆ ಏನು ತಿಳಿಯಬೇಕು, ಯಾವ ಬಳ್ಳಿಯ ನಾರು ಎಳೆದರೂ ಹರಿಯುವುದಿಲ್ಲ ಎಂಬುದನ್ನೆಲ್ಲ ತೋರಿಸಿದಳು. ನನ್ನ ಪಾಠಕ್ಕೆ ಆಕಳಿಸುವ ಮಕ್ಕಳು ಆಕೆಯ ಹಿಂದೆ ಉಸಿರು ಬಿಗಿಹಿಡಿದು ನಡೆದರು. ನನಗೆ ನಾಚಿಕೆಯಾಯಿತು, ಆಸೆಯೂ ಆಯಿತು.

ಆಸೆ ದೊಡ್ಡದೇನಲ್ಲ. ವಾರಕ್ಕೊಮ್ಮೆ ಬಂದರೆ ಆಕೆಯ ಅರ್ಧ ದಿನದ ಕೂಲಿ ತಪ್ಪುತ್ತದೆ, ಅದಕ್ಕೊಂದು ಗೌರವಧನ. ಬರಿಗಾಲಿನ ಮಕ್ಕಳಿಗೆ ಬೂಟು. ಹತ್ತು ಭೂತಗನ್ನಡಿ. ವರ್ಷಕ್ಕೊಮ್ಮೆ ಮೌಳಂಗಿಗೆ ಹೋಗಿ ಹೊಳೆದಂಡೆಯಲ್ಲಿ ಒಂದು ದಿನ ಕಳೆಯಲು ಗಾಡಿ.

“ಎದಕ ಬೇಕ್ರೀ ನಿಮಗ ಈ ಉಸಾಬರಿ?” ಎಂದರು ನಮ್ಮ ಹೆಡ್‌ಮಾಸ್ತರರು. ಅವರು ಯಾವುದಕ್ಕೂ ಅಡ್ಡ ಬರುವವರಲ್ಲ, ಯಾವುದಕ್ಕೂ ಜೊತೆ ಬರುವವರೂ ಅಲ್ಲ.

ಮೊದಲು ಹೋದದ್ದು ದಾಂಡೇಲಿಯ ಅಂಬೇವಾಡಿಗೆ, ಒಬ್ಬ ರೆಸಾರ್ಟ್ ಮಾಲೀಕನ ಕಚೇರಿಗೆ. ಕಾಡಿನ ಹೆಸರಿನಲ್ಲಿ ಬದುಕುವವನು, ಕಾಡಿನ ಮಕ್ಕಳಿಗೆ ಇಷ್ಟು ಮಾಡಲಾರನೇ ಎಂದು ನನ್ನ ಲೆಕ್ಕ. ಅವನು ನನ್ನ ಅರ್ಜಿಯನ್ನು ಬಿಡಿಸಿಯೂ ನೋಡದೆ ಟೀ ಲೋಟದ ಕೆಳಗೆ ಇಟ್ಟುಕೊಂಡ.

“ಅಕ್ಕೋರ, ನಿಮ್ಮ ಸಿದ್ದಿ ಹುಡುಗ್ರು ಛಲೋ ಕುಣೀತಾರಲ್ರೀ. ಶನಿವಾರ ಸಂಜೀಕ ನಮ್ಮಲ್ಲಿ ಗೆಸ್ಟ್ ಬರ್ತಾರ. ಸ್ವಲ್ಪ ಎಲಿಗಿಲಿ ಕಟ್ಟಿ, ಮಾರಿಗೆ ಬಿಳೀ ಪಟ್ಟಿ ಬಳದು ಒಂದು ತಾಸು ಕುಣಸ್ರಿ. ಬೂಟೇನು, ಸಾಲಿಗೆ ಬೇಕಾದ್ದು ಕೊಡ್ತೇನಿ.”

“ನಿಮ್ಮ ಮಕ್ಕಳು ಎಲ್ಲಿ ಕಲೀತಾರ್ರೀ?”

“ಬೆಳಗಾವ್ಯಾಗ. ಬೋರ್ಡಿಂಗ್ ಸಾಲಿ.”

“ಅವರ ಸಾಲಿಯೊಳಗೂ ಎಲಿ ಕಟ್ಟಿ ಕುಣಸ್ತಾರೇನ್ರೀ?”

ಅವನು ಹೊಟ್ಟೆ ಕುಲುಕಿಸಿ ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ಹೊರಡುವಾಗ ಹುಲಿಯ ಚಿತ್ರವಿದ್ದ ಕ್ಯಾಲೆಂಡರ್ ಒಂದನ್ನು ಕೈಗಿಟ್ಟ. ಬೈದದ್ದು ಬೈಗುಳವೆಂದು ತಿಳಿಯದಷ್ಟು ದಪ್ಪ ಚರ್ಮದವನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ದಂಡ.

ಆಮೇಲೆ ಬೆಂಗಳೂರಿನ ಒಂದು ಟ್ರಸ್ಟು. ‘ಮಕ್ಕಳನ್ನು ನಿಸರ್ಗಕ್ಕೆ ಮರಳಿಸುವ’ ಯೋಜನೆಯಂತೆ. ಅರ್ಜಿ ಇಂಗ್ಲಿಷಿನಲ್ಲಿ, ಇಪ್ಪತ್ತು ಪುಟ. ಮುಂಡಗೋಡದಲ್ಲಿ ಕಾಲೇಜು ಉಪನ್ಯಾಸಕಿಯಾಗಿರುವ ಗೆಳತಿಯ ಮನೆಗೆ ಎರಡು ಭಾನುವಾರ ಹೋಗಿ ತುಂಬಿದೆ. ಒಂದು ಪ್ರಶ್ನೆಯ ಹತ್ತಿರ ಇಬ್ಬರೂ ನಿಂತೆವು: ನಿಸರ್ಗದ ಸಂಪರ್ಕವಿಲ್ಲದೆ ನಿಮ್ಮ ಮಕ್ಕಳಿಗೆ ಆಗಿರುವ ಹಾನಿಯನ್ನು ವಿವರಿಸಿ.

“ಏನ್ ಬರೀಲೇ? ನಮ್ಮ ಹುಡುಗ್ರು ಹಳ್ಳ ದಾಟಿ ಸಾಲಿಗೆ ಬರ್ತಾವ,” ಎಂದೆ.

“ಹಂಗ ಬರದ್ರ ಒಂದು ಪೆನ್ಸಿಲ್ಲೂ ಕೊಡೂದಿಲ್ಲ ಅವರು. ಹಾನಿ ಆಗೇತಿ ಅಂತ ಬರಿ,” ಎಂದಳು ಗೆಳತಿ.

ಬರೆದೆ. ನಮ್ಮ ಮಕ್ಕಳಿಗೆ ಮಣ್ಣು ಮುಟ್ಟಲು ಅಂಜಿಕೆ, ಮರಗಳ ಹೆಸರು ಗೊತ್ತಿಲ್ಲ, ಹಕ್ಕಿಗಳ ದನಿ ಕೇಳಿಲ್ಲ. ಒಂದೊಂದು ವಾಕ್ಯವೂ ಸುಳ್ಳು, ಒಂದೊಂದೂ ನನ್ನದೇ.

ಸುಳ್ಳು ಫಲಿಸಿತು. ಟ್ರಸ್ಟಿನ ಅಧಿಕಾರಿಣಿ ಪರಿಶೀಲನೆಗೆ ಬಂದಳು. ಮೊಣಕಾಲಿನವರೆಗೆ ಕಾಲುಚೀಲ, ಕೈಯಲ್ಲಿ ಸ್ಯಾನಿಟೈಸರ್ ಬಾಟಲಿ. ಅಂಗಳದ ಹುಲ್ಲು ತುಳಿಯದೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಒಳಗೆ ಬಂದಳು. ಹುಡುಗಿಯ ತಾಯಿಯನ್ನು ಪರಿಚಯಿಸಿ, ಮಕ್ಕಳಿಗೆ ಕಾಡು ಕಲಿಸುವವರು ಇವರೇ ಎಂದೆ.

“ಇವರ ಕ್ವಾಲಿಫಿಕೇಶನ್ ಏನು ಮೇಡಂ? ನಮ್ಮ ಪಾಲಿಸಿ ಪ್ರಕಾರ ರಿಸೋರ್ಸ್ ಪರ್ಸನ್‌ಗೆ ಸರ್ಟಿಫಿಕೇಟ್ ಇರಲೇಬೇಕು.”

“ಏನಂತಾರ?” ಎಂದು ಹುಡುಗಿಯ ತಾಯಿ ನನ್ನನ್ನು ಕೇಳಿದಳು.

“ಎಷ್ಟನೇತ್ತ ಕಲ್ತೀರಿ ಅಂತ ಕೇಳ್ತಾರ.”

“ಸಾಲಿಗೆ ಹೋಗಿಲ್ಲ ಅಂತ ಹೇಳ್ರಿ. ಹೋಗಿದ್ರ ನಾನೂ ಇವರಂಗ ಹುಲ್ಲಿಗೆ ಅಂಜತಿದ್ದೆ.”

ನಾನು ಅನುವಾದಿಸಲಿಲ್ಲ. ಅಧಿಕಾರಿಣಿ ಕನ್ನಡದವಳೇ, ಕೇಳದವಳಂತೆ ಫೋನು ನೋಡತೊಡಗಿದಳು.

ಕೊನೆಗೆ ಮಂಜೂರಾದ ಪಟ್ಟಿಯಲ್ಲಿ ಗೌರವಧನ ಇರಲಿಲ್ಲ. ಬೂಟು, ಮೌಳಂಗಿಯ ಗಾಡಿ ಎರಡೂ ಇರಲಿಲ್ಲ. ಭೂತಗನ್ನಡಿ ಮಾತ್ರ ಉಳಿದಿತ್ತು. ಅದರ ಜೊತೆಗೆ, ನಾನು ಕೇಳದೇ ಇದ್ದ ‘ಪ್ರಕೃತಿ ಕಲಿಕಾ ತಾಣ’ ಸೇರಿತ್ತು. ಅದಕ್ಕೆ ಶಾಲೆಯ ಹಿಂದಿನ ಜಾಗ ಬೇಕು, ಒಪ್ಪಿಗೆ ಪತ್ರ ಕೊಡಿ ಎಂದರು. ಹೆಡ್‌ಮಾಸ್ತರರು ಹಾಳೆಯನ್ನು ನನ್ನತ್ತ ಸರಿಸಿದರು. ನಿಮ್ಮ ಅಕ್ಷರ ದುಂಡಗ ಅದಾವ, ನೀವ ಬರೀರಿ ಎಂದರು. ‘ಶಾಲೆಯ ಹಿಂಭಾಗದ ಗಿಡಗಂಟಿಗಳನ್ನು ತೆರವುಗೊಳಿಸಲು ನಮ್ಮ ಅಭ್ಯಂತರವಿರುವುದಿಲ್ಲ’ ಎಂದು ಬರೆದೆ. ಬದಿಯ ನಾಲ್ಕು ಗಿಡ ಸವರಿ ಬೋರ್ಡು ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ಸುಳ್ಳು ಹೇಳಲಾರೆ, ಅಷ್ಟೂ ಯೋಚಿಸಿರಲಿಲ್ಲ. ಎರಡು ವರ್ಷ ಬಾಗಿಲು ಬಡಿದವಳಿಗೆ ಏನಾದರೂ ಒಂದು ಬಂದರೆ ಸಾಕಾಗಿತ್ತು.

ದಸರೆಯ ರಜೆ ಮುಗಿಸಿ ಬಂದಾಗ ಕಂಟಿ ಇರಲಿಲ್ಲ. ಒಂದು ಬುಡವೂ ಉಳಿದಿರಲಿಲ್ಲ. ನೆಲ ಸಪಾಟಾಗಿ, ಅದರ ಮೇಲೆ ಪ್ಲಾಸ್ಟಿಕ್ಕಿನ ಹಸಿರು ಹುಲ್ಲಿನ ಚಾಪೆ ಹಾಸಿತ್ತು. ಸಿಮೆಂಟಿನ ಜಿರಾಫೆ, ಬಾಯಿ ತೆರೆದ ಕಪ್ಪೆಯಾಕಾರದ ಕಸದ ಡಬ್ಬ, ಹುತ್ತವಿದ್ದ ಜಾಗದಲ್ಲಿ ಸಿಮೆಂಟಿನ ಪೆಂಗ್ವಿನ್.

“ಜೇಸಿಬಿ ಡ್ರೈವರ್ ಹುತ್ತದ ಮುಂದ ಅಂಜಿ ನಿಂತಿದ್ದ. ಮೂರು ಸಲ ಕೈ ಮುಗದಾ ಪಾಪ,” ಎಂದರು ಹೆಡ್‌ಮಾಸ್ತರರು.

“ಮುಗದು?”

“ಮುಗದು ಕೆಡವಿದಾ.”

ಆ ಡ್ರೈವರ್ ನಮ್ಮೆಲ್ಲರಿಗಿಂತ ವಾಸಿ. ಅವನು ಕೈಯನ್ನಾದರೂ ಮುಗಿದ.

ಹುಡುಗಿ ಪೆಂಗ್ವಿನ್ನಿನ ಸುತ್ತ ಒಂದು ಸುತ್ತು ಬಂದಳು. “ಇದ್ಯಾವ ಹಕ್ಕೀರೀ ಅಕ್ಕೋರ?”

“ಪೆಂಗ್ವಿನ್. ಇದಕ್ಕ ಹಾರಾಕ ಬರೂದಿಲ್ಲ.”

“ಮತ್ತ ಇಲ್ಲೀತನಕ ಹೆಂಗ ಬಂತ್ರೀ?”

ಬೆಂಗಳೂರಿನಿಂದ ಕಾರಿನಲ್ಲಿ ಬಂತು ಎನ್ನಬೇಕೆನಿಸಿತು.

ಉದ್ಘಾಟನೆಯ ದಿನ ಮಕ್ಕಳಿಗೆ ಟ್ರಸ್ಟಿನ ಹೆಸರಿದ್ದ ಅಂಗಿ ತೊಡಿಸಿದರು. ಫೋಟೊ ತೆಗೆಯುವವನು ಇದೇ ಹುಡುಗಿಯನ್ನು ಹೆಕ್ಕಿ, ಪ್ಲಾಸ್ಟಿಕ್ ಹುಲ್ಲಿನ ಮೇಲೆ ಬೋರಲು ಮಲಗಿಸಿ, ಭೂತಗನ್ನಡಿ ಕೈಗೆ ಕೊಟ್ಟು “ಆಶ್ಚರ್ಯ ಪಡು, ಇನ್ನೂ ಆಶ್ಚರ್ಯ ಪಡು” ಎಂದು ಗೋಗರೆದ. ಆಕೆ ಪಾಪ ಪ್ಲಾಸ್ಟಿಕ್ಕಿನಲ್ಲಿ ಏನಾದರೂ ಇದ್ದೀತೇ ಎಂದು ನಿಜವಾಗಿಯೂ ಹುಡುಕಿದಳು. ಗಣ್ಯರು ಭಾಷಣದಲ್ಲಿ ನಿಸರ್ಗವನ್ನು ತಾಯಿ ಎಂದರು, ದೇವರೆಂದರು. ಆಮೇಲೆ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಉಪ್ಪಿಟ್ಟು ತಿಂದರು. ಹೊರಗೆ ನೊಣ ಇದ್ದವಂತೆ.

ಹುಡುಗಿಯ ತಾಯಿ ಆ ದಿನ ಬರಲಿಲ್ಲ. ಆಮೇಲಿನ ಶನಿವಾರಗಳಲ್ಲೂ ಬರಲಿಲ್ಲ. ಮೂರು ವಾರ ಕಾದು ಆಕೆಯ ಮನೆಗೆ ಹೋದೆ. ಭತ್ತದ ಕೊಯ್ಲಿನ ದಿನಗಳು. ಅಂಗಳದಲ್ಲಿ ಕುಡಗೋಲು ಮಸೆಯುತ್ತ ಕೂತಿದ್ದಳು. ಕೂಡ್ರಿ ಎನ್ನಲಿಲ್ಲ. ನಾನೇ ಕಟ್ಟೆಯ ಮೇಲೆ ಕೂತೆ.

“ಕಾಗದಾ ಬರದವ್ರು ನೀವಂತ. ಖರೇ ಏನು?”

“ಖರೇ.”

“ಏನಂತ ಬರದ್ರಿ?”

“ಕಂಟಿ ತಗೀಲಿಕ್ಕೆ ನಮ್ಮ ತಕರಾರಿಲ್ಲ ಅಂತ.”

“ಕಂಟಿ ನಿಮ್ಮದಿತ್ತೇನು?”

ಹನ್ನೊಂದು ವರ್ಷ ಬೇರೆಯವರ ಮಕ್ಕಳಿಗೆ ಪ್ರಶ್ನೆ ಕೇಳಿ ಬದುಕಿದವಳು ನಾನು. ತಪ್ಪಾತು ಎಂದೆ. ಆಕೆ ಕುಡಗೋಲಿನ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು.

“ಮುಂದ ಕವಳಿ ಹಣ್ಣಿನ ದಿವಸಕ್ಕ ಹುಡುಗ್ರು ಎಲ್ಲಿಗೆ ಹೋಗ್ಬೇಕ್ರಿ? ನಿಮಗ ಗೊತ್ತಿಲ್ಲ. ನಿಮಗ ಗೊತ್ತಿಲ್ಲದ್ದಕ್ಕ ಕಾಗದಾ ಬರೀತೀರಿ. ಅವರಿಗೂ ನಿಮಗೂ ಏನ್ ಫರಕು?”

ಫರಕು ಇಲ್ಲ ಎಂದು ಒಪ್ಪಿಕೊಂಡು ಎದ್ದೆ. ಬೇಲಿಯ ದಣಪೆ ದಾಟುವಷ್ಟರಲ್ಲಿ ಹಿಂದಿನಿಂದ ಕರೆದಳು. ಸುಗ್ಗಿ ಮುಗಿಯಲಿ, ಹಳ್ಳದಾಚೆ ಇನ್ನೂ ಜಾಗ ಐತಿ, ಹುಡುಗ್ರನ್ನ ಕರ್ಕೊಂಡು ಬರ್ರಿ ಎಂದಳು. ನನ್ನ ಮುಖ ನೋಡಿ ಹೇಳಲಿಲ್ಲ. ನನಗಾಗಿ ಹೇಳಿದ್ದೂ ಅಲ್ಲ.

ಅಷ್ಟರಲ್ಲಿ ಟ್ರಸ್ಟು ‘ಬದಲಾವಣೆಯ ಕಥೆ’ ಕಳಿಸಿರೆಂದು ಕೇಳಿತು. ನಡೆದದ್ದನ್ನು ನಡೆದಂತೆ ಒಂದೂವರೆ ಪುಟ ಬರೆದೆ. ಧ್ವನಿ ಸಕಾರಾತ್ಮಕವಾಗಿಲ್ಲ ಎಂದು ವಾಪಸು ಬಂತು. ಹೆಡ್‌ಮಾಸ್ತರರು ಅರ್ಧ ತಾಸಿನಲ್ಲಿ ಬೇರೆ ಬರೆದು ಕಳಿಸಿದರು, ಅದು ಬಣ್ಣದ ಕಾಗದದಲ್ಲಿ ಅಚ್ಚಾಯಿತು. ಅದಾದ ಮೇಲೆ ನಾನು ಯಾವ ಅರ್ಜಿಯನ್ನೂ ಹಾಕಲಿಲ್ಲ. ಈಗಲೂ ಕೆಲವರು ಫೋನು ಮಾಡಿ ಹೊಸ ಯೋಜನೆಯ ಹೆಸರು ಹೇಳುತ್ತಾರೆ. ನಮ್ಮ ಮಕ್ಕಳಿಗೆ ಯಾವ ಹಾನಿಯೂ ಆಗಿಲ್ಲ ಎಂದರೆ ಅವರೇ ಫೋನು ಇಡುತ್ತಾರೆ.

ಗೌರವಧನದ ಪ್ರಶ್ನೆಯನ್ನು ಊರಿನ ತಾಯಂದಿರು ಒಂದು ಸಂಜೆ ನೀರಿನ ನಲ್ಲಿಯ ಹತ್ತಿರ ನಿಂತಲ್ಲೇ ಬಗೆಹರಿಸಿದರು. ಶನಿವಾರ ಹುಡುಗಿಯ ತಾಯಿಯ ಕೂಲಿ ತಪ್ಪದಂತೆ ಆಕೆಯ ಪಾಲಿನ ಕೆಲಸವನ್ನು ಸರದಿಯ ಮೇಲೆ ಒಬ್ಬೊಬ್ಬರು ಮಾಡುತ್ತಾರೆ. ನಾನು ಎರಡು ವರ್ಷ ಬಸ್ಸು ಹತ್ತಿ ಇಳಿದದ್ದು ಇಷ್ಟಕ್ಕೆ.

ಸುಗ್ಗಿ ಮುಗಿದ ಮೇಲೆ ಹಳ್ಳದ ಆಚೆ ಹೋಗಲು ಶುರುಮಾಡಿದೆವು. ಎರಡನೆಯ ಶನಿವಾರ ಮರಳಿನ ಮೇಲೆ ಹೆಜ್ಜೆ ಗುರುತು ಸಿಕ್ಕವು. ನಾಯೀದು ಎಂದೆ ನಾನು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಕೆ ನನ್ನನ್ನು ಕುಕ್ಕರಗಾಲಲ್ಲಿ ಕೂರಿಸಿ, ಬೆರಳುಗಳ ನಡುವಿನ ತೆಳು ಪರದೆ ಮರಳಿನಲ್ಲಿ ಮೂಡಿದ್ದನ್ನು ಕಡ್ಡಿಯಿಂದ ತೋರಿಸಿದಳು. ನೀರುನಾಯಿ. ಬೆಳಗಿನ ಜಾವ ಹೋಗಿರಬೇಕು, ಅಂಚು ಇನ್ನೂ ಹಸಿ ಇತ್ತು.